ಹೆಂಚಿನಲ್ಲಿರುವ 1865 ಏನು ಹೇಳುತ್ತದೆ?

ಪ್ರಶ್ನೆ: ನಮ್ಮ ಪೇಟೆಯ ಸಾರ್ವಜನಿಕ ಗ್ರಂಥಾಲಯದ ಮಾಡು (ಛಾವಣಿ) ರಿಪೇರಿಗೆ ಬಿಚ್ಚಿದಾಗ ಹೆಂಚುಗಳಲ್ಲಿ ‘ಬಾಸೆಲ್ ಮಿಷನ್, 1865’ ಎಂಬ ಅಚ್ಚು ಕಂಡಿತು. ಹಾಗಾದರೆ ಕಟ್ಟಡ 1865ರದ್ದೇ ಅಲ್ವಾ? ಬಾಗಿಲ ಪಕ್ಕ ಹಾಗೆಂದು ಕಲ್ಲು ಹಾಕಿಸಬೇಕೆಂದಿದ್ದೇವೆ.
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಕಲ್ಲು ಈಗಲೇ ಕೆತ್ತಿಸಬೇಡಿ. 1865 ಎಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೂ ಅದೇ ಇಸವಿಯನ್ನು ಒತ್ತುತ್ತಾ ಬಂದರು. ಕೇರಳದ ಫರೋಕಿನಲ್ಲಿ ಅವರ ಕಾರ್ಖಾನೆ ಆದದ್ದು 1905ರಲ್ಲಿ. ಅಲ್ಲಿನ ಹೆಂಚಿನಲ್ಲೂ 1865 ಅಂತಲೇ ಇದೆ!

ಒಂದೊಂದೇ ಹೆಂಚನ್ನು ತಿರುಗಿಸಿ, ಪಾಚಿಯನ್ನು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ, ಬಿಸಿಲಿಗೆ ಓರೆಯಾಗಿ ಹಿಡಿದು ಓದಿ. ‘ಕಾಮನ್‌ವೆಲ್ತ್’ ಎಂದಿದ್ದರೆ ಅದು ಮೊದಲ ಮಹಾಯುದ್ಧದ ನಂತರದ ಹೆಂಚು. ಯುದ್ಧದ ಹೊತ್ತಿನಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶ ಮಾಡಿಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಇಷ್ಟಾದರೂ ನಂಬಲು ಬರುವುದಿಲ್ಲ. ನಮ್ಮ ಮಳೆಗೆ ಹೆಂಚು ಒಡೆಯುತ್ತಲೇ ಇರುತ್ತದೆ, ಕೆಡವಿದ ಯಾವುದೋ ಮನೆಯ ಹೆಂಚು ತಂದು ಹೊದಿಸುವುದು ಇಲ್ಲಿ ಮಾಮೂಲು. ಹೆಂಚಿನಡಿಯ ಮರದ ಪಕ್ಕಾಸು, ರೀಪುಗಳೂ ಬದಲಾಗಿರುತ್ತವೆ. ಮುರಕಲ್ಲಿನ ಗೋಡೆ ಮಾತ್ರ ಅಲ್ಲೇ ನಿಂತಿರುತ್ತದೆ, ಆದರೆ ಅದರ ಮೇಲೆ ಇಸವಿ ಇರುವುದಿಲ್ಲ.

ಇನ್ನೊಂದು ಮಾತು. ಕಟ್ಟಡ ಹಳೆಯದಾದ ಮಾತ್ರಕ್ಕೆ ಲೈಬ್ರರಿಯೂ ಅಷ್ಟೇ ಹಳೆಯದು ಎನ್ನಲಾಗದು. ಲೈಬ್ರರಿ ಆಮೇಲೆ ಸರ್ಕಾರದ ಕಾಯ್ದೆಯಡಿ ಬಂದದ್ದೂ ಇರಬಹುದು. 1956ರ ನವೆಂಬರ್ 1ರವರೆಗೆ ನಮ್ಮ ಕರಾವಳಿ ಮದ್ರಾಸಿಗೆ ಸೇರಿತ್ತು. ಅಲ್ಲಿ 1948ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ ಅಂತ ಆಯಿತು. ಮೈಸೂರು ರಾಜ್ಯದ ಕಾಯ್ದೆ ಬಂದದ್ದು 1965ರಲ್ಲಿ. ಮದ್ರಾಸಿನ ಕಾಯ್ದೆಗಾಗಿ ದುಡಿದ ಎಸ್. ಆರ್. ರಂಗನಾಥನ್ ಲೈಬ್ರರಿ ಕೆಲಸಕ್ಕೆ ಸೇರುವ ಮುಂಚೆ, 1917ರಲ್ಲಿ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದರು. ನಮ್ಮ ಕರಾವಳಿಯ ಮಕ್ಕಳಿಗೆ ಇದನ್ನು ಯಾರೂ ಹೇಳುವುದೇ ಇಲ್ಲವಲ್ಲ ಎಂದು ನನಗೆ ಬೇಸರ.

ಹಾಗಾಗಿ ಮಾಡಿನಿಂದ ಕೆಳಗಿಳಿದು ಕಪಾಟು ತೆಗೆಯಿರಿ. ಹಳೆಯ ಪುಸ್ತಕಗಳ ಮೊದಲ ಪುಟದ ಸೀಲು ನೋಡಿ. ಪ್ರಾಧಿಕಾರದ ಸೀಲಿನ ಪಕ್ಕದಲ್ಲಿ ಊರಿನ ಯಾವುದಾದರೂ ಸಂಘದ ಸೀಲು ಇದ್ದರೆ, ಸರ್ಕಾರಕ್ಕಿಂತ ಮುಂಚೆ ಊರವರೇ ಪುಸ್ತಕ ಕೂಡಿಸಿದ್ದಿರಬಹುದು. ನನಗೆ ಹೆಂಚಿಗಿಂತ ಜಾಸ್ತಿ ಖುಷಿ ಕೊಡುವುದು ಅದೇ. ಪುಸ್ತಕ ಸೇರ್ಪಡೆಯ ರಿಜಿಸ್ಟರಿನಲ್ಲಿ ಒಂದನೇ ನಂಬರಿನ ಎದುರು ತಾರೀಕು ಇರುತ್ತದೆ. ಕಟ್ಟಡದ ತೆರಿಗೆ ಲೆಕ್ಕವನ್ನು ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ಕೇಳಿ. ರಿಜಿಸ್ಟರಿನ ಶಾಯಿ ಮಾಸಿದ್ದರೆ ಆ ಪುಟದ ಫೋಟೊ ನನಗೆ ಕಳಿಸಿ, ಕೂತು ಓದಿ ಕೊಡುತ್ತೇನೆ.