ದೇವರನ್ನು ನಂಬದ ತಮ್ಮ, ಮಾತ್ರೆ ನಂಬದ ಅಮ್ಮ

ಪ್ರಶ್ನೆ: ನನ್ನ ತಮ್ಮ ಕುಡಿತ ಬಿಡಿಸುವ ಕೇಂದ್ರದಲ್ಲಿದ್ದು ಈಚೆಗೆ ಮನೆಗೆ ಬಂದಿದ್ದಾನೆ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್‌ಗೆ ಹೋಗು ಅಂತ ಡಾಕ್ಟರ್ ಹೇಳಿದ್ದರು. ಒಮ್ಮೆ ಹೋಗಿ ಬಂದು, 'ಅಲ್ಲಿ ಬರೀ ದೇವರ ಮಾತು, ನನಗಾಗಲ್ಲ' ಅಂದುಬಿಟ್ಟ. ಅಮ್ಮನದು ಇನ್ನೊಂದು ಥರ. 'ಪ್ರಾರ್ಥನೆ ಮಾಡಿದರೆ ಸಾಕು, ಈ ಮಾತ್ರೆಗಳೆಲ್ಲ ಯಾಕೆ' ಅಂತಾರೆ. ದೇವರನ್ನು ನಂಬದವನಿಗೆ ಅಧ್ಯಾತ್ಮದಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಮೊದಲು ಅಮ್ಮನ ವಿಷಯ. ಅದಕ್ಕೇ ಅವಸರ ಜಾಸ್ತಿ. ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಔಷಧಿಗಳು ಮಿದುಳಿನ ಮೇಲೆ ಕೆಲಸ ಮಾಡಿ, ಕುಡಿತಕ್ಕೆ ಮರಳದಂತೆ ನೆರವಾಗುತ್ತವೆ. ಇನ್ನೊಂದು ಮಾತು. ಅವನು ಮತ್ತೆ ದಿನಾ ಕುಡಿಯೋಕೆ ಶುರು ಮಾಡಿದರೆ, ಆಣೆ ಹಾಕಿಸಿ ಒಂದೇ ಏಟಿಗೆ ಬಿಡಿಸಲು ಹೋಗಬೇಡಿ. ಹಾಗೆ ನಿಲ್ಲಿಸಿದ ಮೊದಲ 2 ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಆಮೇಲಿನ ಒಂದೆರಡು ದಿನಗಳಲ್ಲಿ ಮೈ ನಡುಗಿ, ಇಲ್ಲದ್ದು ಕಂಡು, ಪ್ರಾಣಕ್ಕೇ ಅಪಾಯ ಆಗಬಹುದು. ಅಮ್ಮ ಪ್ರಾರ್ಥನೆ ಮಾಡಲಿ, ಖಂಡಿತ ಮಾಡಲಿ. ಜೊತೆಗೆ ಡಾಕ್ಟರೂ ಇರಲಿ.

ಇನ್ನು ತಮ್ಮ. ಅವನ ಸಿಟ್ಟು ಹೊಸದಲ್ಲ. ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳನ್ನು ಬರೆಯುವಾಗಲೇ ಈ ಜಗಳ ಆಗಿತ್ತು. ದೇವರನ್ನು ನಂಬದ ಸದಸ್ಯರು ಪಟ್ಟು ಹಿಡಿದಿದ್ದರಿಂದಲೇ, 1939ರಲ್ಲಿ ಅಚ್ಚಾದ ಪುಸ್ತಕದಲ್ಲಿ 'ನಾವು ಅರ್ಥಮಾಡಿಕೊಂಡ ಹಾಗಿನ ದೇವರು' ಅನ್ನುವ ಮಾತು ಬಂತು. ಆ ಹೆಜ್ಜೆಗಳಲ್ಲಿ ಬರುವ 'ನಮಗಿಂತ ದೊಡ್ಡ ಶಕ್ತಿ' ಅಂದರೆ ನಮ್ಮ ಗುಂಪೇ ಅಂದುಕೊಂಡು ವರ್ಷಗಟ್ಟಲೆ ಕುಡಿಯದೇ ಇರುವವರು ಬೇಕಾದಷ್ಟು ಜನ ಇದ್ದಾರೆ.

ಅಧ್ಯಾತ್ಮ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಎಎ ಶುರು ಮಾಡಿದವರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಕಥೆ. 1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಊರಿನ ಮೇಫ್ಲವರ್ ಹೋಟೆಲ್. ಅವರು ಕುಡಿತ ಬಿಟ್ಟು ಇನ್ನೂ ಅರ್ಧ ವರ್ಷವೂ ಆಗಿಲ್ಲ. ಬಂದ ವ್ಯವಹಾರ ಮುರಿದುಬಿದ್ದಿದೆ, ಕೈಯಲ್ಲಿ ದುಡ್ಡಿಲ್ಲ, ಗುರುತಿನವರಿಲ್ಲ. ಲಾಬಿಯ ಒಂದು ಕಡೆ ಬಾರ್, ಅಲ್ಲಿಂದ ಜನರ ಮಾತು, ನಗು. ಇನ್ನೊಂದು ಕಡೆ ಟೆಲಿಫೋನ್. ಅವರು ಫೋನ್ ಹತ್ತಿರ ಹೋದರು. ಚರ್ಚುಗಳ ಪಟ್ಟಿ ನೋಡಿ ಪಾದ್ರಿಯೊಬ್ಬರಿಗೆ ಫೋನ್ ಮಾಡಿದರು. ಕೇಳಿದ್ದು ಏನು ಗೊತ್ತಾ? ತಮ್ಮ ಹಾಗೇ ಕುಡಿತಕ್ಕೆ ಸಿಕ್ಕಿಬಿದ್ದ ಯಾರಾದರೂ ಮಾತಾಡೋಕೆ ಸಿಗ್ತಾರಾ ಅಂತ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಬಾಬ್ ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಎಎ ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯುತ್ತಾರೆ.

ವಿಲ್ಸನ್ ದೇವರನ್ನು ನಂಬಿದವರೇ. ಆದರೂ ಆ ಗಳಿಗೆಯಲ್ಲಿ ಅವರಿಗೆ ಬೇಕಾಗಿದ್ದು ಇನ್ನೊಬ್ಬ ಕುಡುಕ. 'ನನ್ನೊಬ್ಬನಿಂದ ಆಗ್ತಿಲ್ಲ' ಅಂತ ಒಪ್ಪಿಕೊಂಡು, ಇನ್ನೊಬ್ಬರ ಕಷ್ಟಕ್ಕೆ ಕಿವಿ ಕೊಡೋದು. ಇದಕ್ಕೆ ನಿಮ್ಮ ತಮ್ಮ ಯಾವ ದೇವರನ್ನೂ ನಂಬಬೇಕಾಗಿಲ್ಲ, ಅಲ್ವಾ? ಮಾಡಿದ ತಪ್ಪು ಬರೆದಿಟ್ಟು ಒಬ್ಬರ ಮುಂದೆ ಬಾಯಿಬಿಟ್ಟು ಹೇಳೋದು, ನೋವು ಕೊಟ್ಟವರ ಹತ್ತಿರ ಹೋಗಿ ಸರಿಮಾಡಿಕೊಳ್ಳೋದು. ಇವೂ ಆ ಹೆಜ್ಜೆಗಳಲ್ಲೇ ಇವೆ. ಕುಡಿತದ ಜೊತೆ ಬೆಳೆದ ಸುಳ್ಳು, ನಾಚಿಕೆ ಕರಗೋದು ಇಲ್ಲೇ ಅಂತ ನನ್ನ ಗಟ್ಟಿ ನಂಬಿಕೆ. ಇದು ಸುಮ್ನೆ ಭಾವನೆಯ ಮಾತೂ ಅಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಚಿಕಿತ್ಸೆಯ ಭಾಗವಾಗಿ, ಕ್ರಮಬದ್ಧವಾಗಿ ಎಎಗೆ ಜೋಡಿಸಿದಾಗ, ಪೂರ್ತಿ ಕುಡಿಯದೇ ಉಳಿಯುವ ವಿಷಯದಲ್ಲಿ ಬೇರೆ ಕೆಲವು ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕಂಡಿತು.

ಒಂದು ಮೀಟಿಂಗ್ ನೋಡಿ ತೀರ್ಮಾನ ಬೇಡ ಅಂತ ಅವನಿಗೆ ಹೇಳಿ. ಎಲ್ಲ ಗುಂಪೂ ಒಂದೇ ಥರ ಇರಲ್ಲ. ಇನ್ನೊಂದಕ್ಕೆ ಹೋಗಲಿ, ಹಿಂದೆ ಕೂರಲಿ, ಪ್ರಾರ್ಥನೆ ಹೊತ್ತಿಗೆ ಸುಮ್ಮನಿರಲಿ. ಮುಗಿದ ಮೇಲೆ ಒಬ್ಬರ ಫೋನ್ ನಂಬರ್ ತೆಗೆದುಕೊಂಡು ಬರಲಿ, ಸೆಳೆತ ಬಂದ ರಾತ್ರಿ ಮಾತಾಡೋಕೆ. ಅಷ್ಟಾದರೂ ಒಗ್ಗದಿದ್ದರೆ ದೇವರ ಮಾತೇ ಇಲ್ಲದ ಸ್ಮಾರ್ಟ್ ರಿಕವರಿ ಅನ್ನುವ ಇನ್ನೊಂದು ನೆರವಿನ ಗುಂಪು ಇದೆ, ಆನ್‌ಲೈನ್‌ನಲ್ಲೂ ನಡೆಯುತ್ತದೆ.

ನೀವೂ ದಣಿದಿದ್ದೀರಿ, ಪತ್ರದಲ್ಲೇ ಗೊತ್ತಾಗುತ್ತದೆ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಗುಂಪುಗಳಿವೆ. ಹೋಗಿ ನೋಡಿ, ಅಮ್ಮನನ್ನೂ ಕರೆದುಕೊಂಡು ಹೋಗಿ.