ದಿನದ ರೇಟು ನೋಡಿ ಗೈಡ್ ಆಗಬೇಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಬಾರಿ ಪ್ರವಾಸಿ ಮಾರ್ಗದರ್ಶಿ ವೃತ್ತಿ

ಪ್ರಶ್ನೆ: ಇತಿಹಾಸದಲ್ಲಿ ಬಿ.ಎ. ಮುಗಿಸಿದ್ದೇನೆ. ಹಂಪಿಯಲ್ಲಿ ಗೈಡ್ ಒಬ್ಬರು ಒಂದು ದಿನಕ್ಕೆ ಎರಡೂವರೆ ಸಾವಿರ ತೆಗೆದುಕೊಂಡಿದ್ದನ್ನು ನೋಡಿದೆ. ಹಾಗಾದರೆ ತಿಂಗಳಿಗೆ 75 ಸಾವಿರ ಆಯಿತಲ್ಲವೇ ಸಾರ್?
– ಓದುಗರು, ಗಂಗಾವತಿ

ಉತ್ತರ: ಗುಣಾಕಾರ ಸರಿಯಾಗಿದೆ, 30 ಎಂಬ ಸಂಖ್ಯೆ ತಪ್ಪು. ಹಂಪಿಯ ಸೀಸನ್ ಅಕ್ಟೋಬರ್‌ನಿಂದ ಫೆಬ್ರುವರಿ ತನಕ. ಅದರಲ್ಲೂ ದಸರಾ ರಜೆ ಮತ್ತು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳಲ್ಲಿ ಮಾತ್ರ ಪುರುಸೊತ್ತಿಲ್ಲದ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ಬೆಳಗಿನ ಹತ್ತು ಗಂಟೆಗೇ ಪಾರ್ಟಿ (ಪ್ರವಾಸಿಗರ ಗುಂಪು) ತನ್ನ ರೂಮಿಗೆ ಹೊರಟುಬಿಡುತ್ತದೆ. ಮಳೆಗಾಲದಲ್ಲಿ ಶನಿವಾರ, ಭಾನುವಾರಗಳನ್ನೇ ನಂಬಬೇಕು.

ಒಂದು ಲೆಕ್ಕ ಹಾಕೋಣ. ನೀವು ಕಂಡ 2,500ನ್ನೇ ಇಟ್ಟುಕೊಳ್ಳಿ. ಸೀಸನ್ನಿನ ಐದು ತಿಂಗಳಲ್ಲಿ ತಿಂಗಳಿಗೆ 16 ದಿನದಂತೆ 80 ದಿನ, ಉಳಿದ ಏಳು ತಿಂಗಳಲ್ಲಿ ತಿಂಗಳಿಗೆ 5 ದಿನದಂತೆ 35 ದಿನ ಕೆಲಸ ಸಿಕ್ಕಿತೆನ್ನಿ. ಒಟ್ಟು 115 ದಿನಕ್ಕೆ 2,87,500 ರೂಪಾಯಿ. ಪೆಟ್ರೋಲು, ಊಟ, ಫೋನಿಗೆ ದಿನಕ್ಕೆ 300 ಕಳೆದರೆ ಕೈಯಲ್ಲಿ 2,53,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 21 ಸಾವಿರ ಚಿಲ್ಲರೆ. ಹೊಸಬರಿಗೆ ಮೊದಲ ವರ್ಷ ಇಷ್ಟು ದಿನ ಸಿಗುವುದೂ ಕಷ್ಟ.

ಈ ಮೊತ್ತ ಏರುವುದು ರೇಟು ಏರಿಸಿದ್ದರಿಂದಲ್ಲ. ಪ್ರವಾಸಿ ಯಾರ ಕೈಯಿಂದ ನಿಮ್ಮ ಬಳಿ ಬಂದ ಎಂಬುದೇ ಮುಖ್ಯ. ಡ್ರೈವರ್ ಕರೆತಂದರೆ ಅವರಿಗೊಂದು ಪಾಲು, ಹೋಟೆಲಿನ ಕೌಂಟರ್‌ನಿಂದ ಬಂದರೆ ಅಲ್ಲಿಗೊಂದು ಪಾಲು. ವಿದೇಶಿ ಆನ್‌ಲೈನ್ ಬುಕಿಂಗ್ ತಾಣಗಳು ಶೇ 20ರಿಂದ 30ರಷ್ಟು ಮುರಿದುಕೊಳ್ಳುತ್ತವೆ. ಟ್ರಾವೆಲ್ ಏಜೆನ್ಸಿ ರೇಟು ಒಳ್ಳೆಯದೇ, ಆದರೆ ದುಡ್ಡು ಕೈಸೇರಲು ತಿಂಗಳು, ಎರಡು ತಿಂಗಳು ಕಾಯಬೇಕಾಗಬಹುದು. ಡ್ಯೂಟಿ ಮುಗಿದ ದಿನವೇ ವೋಚರ್‌ಗೆ (ಏಜೆನ್ಸಿಯ ಕೆಲಸದ ಚೀಟಿ) ಪಾರ್ಟಿಯ ಸಹಿ ಹಾಕಿಸಿ, ಫೋಟೊ ತೆಗೆದು, ಬಿಲ್ ನಂಬರ್ ಹಾಕಿ ಕಳುಹಿಸಿ. ಸಹಿಯಿಲ್ಲದ ವೋಚರ್ ಹಿಡಿದು ಆಮೇಲೆ ಓಡಾಡಿದರೆ ಚಪ್ಪಲಿ ಸವೆಯುತ್ತದೆ, ಅಷ್ಟೆ.

ಸಾಮಾನ್ಯವಾಗಿ ಹಾಫ್ ಡೇ ಎಂದರೆ 4 ಗಂಟೆ, ಫುಲ್ ಡೇ ಎಂದರೆ 8 ಗಂಟೆ. ಪಾರ್ಟಿಯಲ್ಲಿ ಎಷ್ಟು ಜನ ಎಂಬುದರ ಮೇಲೆ ರೇಟು ಬದಲಾಗುತ್ತದೆ. ರಾತ್ರಿ ಹೊರ ಊರಿನಲ್ಲಿ ತಂಗಿದರೆ ಔಟ್‌ಸ್ಟೇಷನ್ ಭತ್ಯೆ ಬೇರೆ. ಜಗಳವಾಗುವುದು ಬಹುತೇಕ ಎರಡು ಕಾರಣಕ್ಕೆ: ಗಂಟೆ ಎಲ್ಲಿಂದ ಶುರು (ಹೊಸಪೇಟೆಯ ಹೋಟೆಲಿನಿಂದಲೋ, ವಿರೂಪಾಕ್ಷ ಗುಡಿಯ ಮುಂದಿನಿಂದಲೋ), ಮತ್ತು ಪ್ರವೇಶದ ಟಿಕೆಟ್ಟು ರೇಟಿನಲ್ಲಿ ಸೇರಿದೆಯೋ ಇಲ್ಲವೋ. ಇವೆರಡನ್ನೂ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಬರೆದು ಕಳುಹಿಸಿ.

ಪ್ರಶ್ನೆ: ಗುರುತಿನ ಕಾರ್ಡ್ ಇಲ್ಲದೆ ಕೆಲಸ ಶುರು ಮಾಡಿ, ಆಮೇಲೆ ಕಾರ್ಡ್ ಮಾಡಿಸಿಕೊಳ್ಳಬಹುದೇ? ಅರ್ಜಿ ಎಲ್ಲಿ ಹಾಕಬೇಕು?
– ಓದುಗರು, ಬಾದಾಮಿ

ಉತ್ತರ: ಬೇಡ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕದೊಳಗೆ ಕಾರ್ಡ್ ಇಲ್ಲದೆ ಪಾರ್ಟಿ ಕರೆದೊಯ್ದು, ಕಾವಲುಗಾರರು ಪ್ರವಾಸಿಗಳ ಎದುರೇ ಹೊರಗೆ ಕಳುಹಿಸಿದರೆ ಆ ಪಾರ್ಟಿ ಮತ್ತೆಂದೂ ನಿಮ್ಮನ್ನು ಕರೆಯುವುದಿಲ್ಲ. ಅದನ್ನು ನೋಡಿದ ಡ್ರೈವರ್‌ಗಳೂ ಕರೆಯುವುದಿಲ್ಲ.

ದಾರಿ ಎರಡು. ಒಂದು ರಾಜ್ಯ ಪ್ರವಾಸೋದ್ಯಮ ಇಲಾಖೆಯದು. ಆಗಾಗ ಜಿಲ್ಲಾವಾರು ಅರ್ಜಿ ಕರೆದು, ತರಬೇತಿ ಕೊಟ್ಟು, ಕಾರ್ಡ್ ನೀಡುತ್ತಾರೆ. ಪ್ರಕಟಣೆ ಯಾವಾಗ ಬರುತ್ತದೆ ಎಂಬುದಕ್ಕೆ ಜಿಲ್ಲಾ ಪ್ರವಾಸೋದ್ಯಮ ಕಚೇರಿಗೆ ತಿಂಗಳಿಗೊಮ್ಮೆ ಹೋಗಿ ಬರುವುದೇ ಉಪಾಯ. ಈ ಕಾರ್ಡಿನ ಬೆಲೆ ಬ್ಯಾಡ್ಜಿನಷ್ಟೇ ಅಲ್ಲ: ಇಲಾಖೆಯ ಕಾರ್ಡ್ ಇರುವ ಗೈಡ್‌ಗಳ ಮಾಸಿಕ ಗೌರವಧನವನ್ನು 2022-23ರ ರಾಜ್ಯ ಬಜೆಟ್ಟಿನಲ್ಲಿ 2,000ದಿಂದ 5,000 ರೂಪಾಯಿಗೆ ಏರಿಸಲಾಯಿತು. ಕೋವಿಡ್ ಕಾಲದಲ್ಲಿ, 2021ರಲ್ಲಿ ಕೇಂದ್ರ ಸರ್ಕಾರ ಗೈಡ್‌ಗಳಿಗೆ 1 ಲಕ್ಷದವರೆಗೆ ಸರ್ಕಾರದ ಖಾತರಿಯ ಸಾಲ ಘೋಷಿಸಿದಾಗಲೂ ಅದು ಮಾನ್ಯತೆ ಪಡೆದವರಿಗೆ ಮಾತ್ರ. ಎರಡನೆಯದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ದಾರಿ. ಅಲ್ಲಿಂದ ಮಾನ್ಯತೆ ಪಡೆದವರಿಗೆ ಒಂದು ಊರಿನ ಬೇಲಿ ಇಲ್ಲ. ಒಂದೇ ಪಾರ್ಟಿಯನ್ನು ಮೈಸೂರಿನಿಂದ ಹಂಪಿ, ಬಾದಾಮಿವರೆಗೆ ಹತ್ತು ದಿನ ಕರೆದೊಯ್ಯಬಹುದು. ಗಳಿಕೆಯ ಅಂತರ ಹುಟ್ಟುವುದು ಇಲ್ಲಿಯೇ.

ಪದವಿ ಪ್ರಮಾಣಪತ್ರ, ವಿಳಾಸದ ದಾಖಲೆ, ಪೊಲೀಸ್ ಪರಿಶೀಲನಾ ಪತ್ರ, ಫೋಟೊಗಳನ್ನು ಮೊದಲೇ ಜೋಡಿಸಿಡಿ. ಸಂದರ್ಶನದಲ್ಲಿ ಇಸವಿ ಮರೆತರೂ ತೇರ್ಗಡೆಯಾಗಬಹುದು, ಐತಿಹ್ಯವನ್ನೇ ಇತಿಹಾಸವೆಂದು ಒಪ್ಪಿಸಿದರೆ ಕಷ್ಟ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ತೇರು ‘ಒಂದೇ ಕಲ್ಲಿನದು’ ಎಂದು ಹೇಳುವವರು ಈಗಲೂ ಇದ್ದಾರೆ. ಅದು ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿ ಕಟ್ಟಿದ್ದು. ನಿಮ್ಮ ಊರಿನ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು, ಚಾಲುಕ್ಯ ವಂಶದ ಮಂಗಲೇಶನದು. ಇಂಥ ದಿನಾಂಕವಿರುವ ಶಾಸನಗಳೇ ಗೈಡ್‌ನ ಗಟ್ಟಿ ನೆಲ. ವಿಠ್ಠಲ ಗುಡಿಯ ಸಪ್ತಸ್ವರದ ಕಂಬಗಳನ್ನು ತಟ್ಟಿ ತೋರಿಸುವ ಹಳೆಯ ಚಾಳಿಯೂ ಬೇಡ, ತಟ್ಟುವುದು ನಿಷಿದ್ಧ.

ಪ್ರಶ್ನೆ: ಹಾಸನದಲ್ಲಿ ಶಿಕ್ಷಕಿಯಾಗಿದ್ದೆ. ಬೇಲೂರು, ಹಳೇಬೀಡಿನಲ್ಲಿ ಗೈಡ್ ಆಗುವ ಆಸೆ. ಫ್ರೆಂಚ್ ಕಲಿಯಲೇ, ಜಪಾನೀಸ್ ಕಲಿಯಲೇ?
– ಓದುಗರು, ಹಾಸನ

ಉತ್ತರ: ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು ಎಂಬ ಕಾರಣಕ್ಕೆ ಈ ಪ್ರಶ್ನೆ ನಮಗೆ ಬಹಳ ಬರುತ್ತಿದೆ. ಮೇಡಂ, ಫ್ರೆಂಚ್‌ಗಿಂತ ಮೊದಲು ನಿಮ್ಮ ಹಿಂದಿ ಎಷ್ಟು ಚೆನ್ನಾಗಿದೆ ನೋಡಿಕೊಳ್ಳಿ. ವಿದೇಶಿ ಪಾರ್ಟಿ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ. ವರ್ಷವಿಡೀ ಬರುವವರು ದೇಶದೊಳಗಿನವರು. ಹಂಪಿಯಲ್ಲಿ ತೆಲುಗು, ಬಾದಾಮಿಯಲ್ಲಿ ಮರಾಠಿ, ನಿಮ್ಮ ಕಡೆ ಹಿಂದಿ, ತಮಿಳು ಗೊತ್ತಿದ್ದರೆ ಖಾಲಿ ದಿನಗಳು ತುಂಬುತ್ತವೆ.

ಆಮೇಲೆ ವಿದೇಶಿ ಭಾಷೆ. ಗೈಡ್ ಕೆಲಸಕ್ಕೆ ಯುರೋಪಿನ ಅಳತೆಯಲ್ಲಿ ಬಿ2 ಮಟ್ಟ (ಆರು ಮೆಟ್ಟಿಲಲ್ಲಿ ನಾಲ್ಕನೆಯದು) ಬೇಕು. ಎರಡನೇ ಮೆಟ್ಟಿಲಾದ ಎ2 ಮಟ್ಟದಲ್ಲಿ ಪಾಠ ಒಪ್ಪಿಸಬಹುದು, ಪ್ರಶ್ನೆ ಬಂದರೆ ಬಾಯಿ ಕಟ್ಟುತ್ತದೆ. ಫ್ರೆಂಚ್‌ನಲ್ಲಿ ಬಿ2 ಮುಟ್ಟಲು ಸುಮಾರು 600 ಗಂಟೆಯ ತರಗತಿ. ವಾರಕ್ಕೆ 6 ಗಂಟೆಯಾದರೆ ಎರಡು ವರ್ಷ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್, ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗಳಿವೆ. ಜಪಾನೀಸ್‌ನ ವಾಕ್ಯ ಕನ್ನಡದ ಹಾದಿಯಲ್ಲೇ ನಡೆಯುತ್ತದೆ: ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ. ಮಾತು ಹಿಡಿಯುವುದು ನಮ್ಮವರಿಗೆ ಸಲೀಸು, ಕಂಜಿ ಲಿಪಿ ಮಾತ್ರ ಬೆವರಿಳಿಸುತ್ತದೆ. ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ. ಭಾಷಾ ಭತ್ಯೆಯೆಂದು ದಿನಕ್ಕೆ 1,500 ಹೆಚ್ಚು ಸಿಕ್ಕಿ, ವರ್ಷಕ್ಕೆ 60 ದಿನ ಅಂಥ ಪಾರ್ಟಿ ಬಂತೆಂದರೆ 90 ಸಾವಿರ. ಕಲಿಕೆಯ ಖರ್ಚನ್ನು ಇದರ ಎದುರಿಗೆ ಇಟ್ಟು ತೂಗಿ ನೋಡಿ. ಮಾತಿನಲ್ಲಿ ಬಳಪದ ಕಲ್ಲು, ಮದನಿಕೆ, ಭುವನೇಶ್ವರಿ (ಕೆತ್ತನೆಯ ಒಳಛಾವಣಿ), ನಕ್ಷತ್ರಾಕಾರದ ಜಗತಿ (ಗುಡಿಯ ಕಟ್ಟೆ) ಇಂಥ ಇನ್ನೂರು ಪದಗಳಿಗೆ ನಿಮ್ಮದೇ ನಿಘಂಟು ಮಾಡಿಕೊಳ್ಳಬೇಕು. ಇವನ್ನು ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲ.

ಪ್ರಶ್ನೆ: ರೇಷ್ಮೆ, ಗಂಧದ ಅಂಗಡಿಯವರು ಕೊಡುವ ಕಮಿಷನ್ ತೆಗೆದುಕೊಳ್ಳುವುದು ತಪ್ಪೇ? ತೆರಿಗೆ ಕಟ್ಟಬೇಕೇ?
– ಓದುಗರು, ಮೈಸೂರು

ಉತ್ತರ: ಪ್ರವಾಸಿಗೆ ತಿಳಿಸದೆ ತೆಗೆದುಕೊಂಡರೆ ತಪ್ಪು ಎಂಬುದು ನಮ್ಮ ಅಭಿಪ್ರಾಯ, ಅದು ನಷ್ಟವೂ ಹೌದು. ಅರಮನೆಯಲ್ಲಿ 40 ನಿಮಿಷ, ಅಂಗಡಿಯಲ್ಲಿ ಒಂದೂವರೆ ಗಂಟೆ ಕಳೆದ ಪಾರ್ಟಿ ಇಂಟರ್‌ನೆಟ್‌ನಲ್ಲಿ ಬರೆಯುವ ಒಂದು ಸಾಲು ಮುಂದಿನ ಸೀಸನ್ನನ್ನೇ ತಿನ್ನುತ್ತದೆ. ತೆರಿಗೆಯ ಮಾತು: ಸಣ್ಣ ವ್ಯವಹಾರಕ್ಕಿರುವ ಅಂದಾಜು ಲಾಭದ ಸುಲಭ ಪದ್ಧತಿ (ವಹಿವಾಟಿನ ಇಂತಿಷ್ಟು ಶೇಕಡಾವನ್ನೇ ಲಾಭವೆಂದು ತೋರಿಸುವುದು) ಕಮಿಷನ್ ಆದಾಯಕ್ಕೆ ಅನ್ವಯಿಸುವುದಿಲ್ಲ. ಗೈಡ್ ಶುಲ್ಕ, ಕಮಿಷನ್ ಎರಡಕ್ಕೂ ಬೇರೆ ಬೇರೆ ಲೆಕ್ಕದ ಪುಸ್ತಕ ಇಡಿ. ಏಜೆನ್ಸಿಗೆ ಪ್ಯಾನ್ ಕೊಡದಿದ್ದರೆ ಮೂಲದಲ್ಲೇ ಶೇ 20 ಕಡಿತವಾಗುತ್ತದೆ. ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ.

ಪ್ರಶ್ನೆ: 46 ವರ್ಷ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಮಂಡಿನೋವು, ಗಂಟಲೂ ಕೈಕೊಡುತ್ತಿದೆ. ಮುಂದೇನು?
– ಓದುಗರು, ಬಾಗಲಕೋಟೆ

ಉತ್ತರ: ಗಂಟಲಿಗೆ ಮೊದಲು ಪರಿಹಾರ: 20 ಜನರಿಗಿಂತ ಹೆಚ್ಚಿದ್ದರೆ ಕಿವಿಗೆ ಹಾಕಿಕೊಳ್ಳುವ ವೈರ್‌ಲೆಸ್ ರಿಸೀವರ್ ಸೆಟ್ ಬಾಡಿಗೆಗೆ ತರಲು ಏಜೆನ್ಸಿಯನ್ನು ಕೇಳಿ. ಅದು ಇಲ್ಲದಿದ್ದರೆ ಗಾಳಿಗೆ ಬೆನ್ನು ಕೊಟ್ಟು, ಗೋಡೆಯತ್ತ ಅಲ್ಲ, ಜನರತ್ತ ಮುಖ ಮಾಡಿ ಮಾತನಾಡಿ.

ಮಂಡಿಗೆ ಬೇರೆ ಹಾದಿ ಬೇಕು. ಟೂರ್ ಮ್ಯಾನೇಜರ್ ಆದರೆ ನಡಿಗೆ ಕಡಿಮೆ, ಬಸ್ಸು, ಹೋಟೆಲು, ಟಿಕೆಟ್ಟಿನ ತಲೆನೋವು ಹೆಚ್ಚು. ಆದರೆ ದಿನಗಳ ಲೆಕ್ಕ ಖಚಿತ. ಕಾಲೇಜುಗಳ ಅಧ್ಯಯನ ಪ್ರವಾಸಗಳಿಗೆ ಐಹೊಳೆ, ಬಾದಾಮಿ, ಪಟ್ಟದಕಲ್ಲಿನ ಮೂರು ದಿನದ ಪಠ್ಯ ಸಿದ್ಧಪಡಿಸಿ ಕೊಡುವುದು ಇನ್ನೊಂದು. ಇಪ್ಪತ್ತು ವರ್ಷದ ಅನುಭವಕ್ಕೆ ಪದವಿಯ ಮುದ್ರೆ ಬೇಕಿದ್ದರೆ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ ಇತಿಹಾಸದ ಎಂ.ಎ. ಮಾಡಿ, ತರಬೇತುದಾರರಾಗಲು ಅದು ನೆರವಿಗೆ ಬರುತ್ತದೆ. ಕಾಡಿನತ್ತ ಒಲವಿದ್ದರೆ ಸರ್ಕಾರದ ಜಂಗಲ್ ಲಾಡ್ಜಸ್‌ನಂಥ ಕಡೆ ನ್ಯಾಚುರಲಿಸ್ಟ್ ಕೆಲಸವಿದೆ. ಅಲ್ಲಿ ಸಂಬಳ ತಿಂಗಳ ಲೆಕ್ಕದ್ದು, ಸಫಾರಿ ಜೀಪಿನಲ್ಲಿ. ಆದರೆ ಹಕ್ಕಿಯ ಕೂಗು ಗುರುತಿಸುವುದರಿಂದ ಹೊಸದಾಗಿ ಶುರು ಮಾಡಬೇಕು, 46ಕ್ಕೆ ಅದು ಸುಲಭವಲ್ಲ.

ಪ್ರಶ್ನೆ: ಕನ್ನಡಿಗರ ಗುಂಪನ್ನು ಯುರೋಪಿಗೆ ಕರೆದೊಯ್ದು ಅಲ್ಲಿ ನಾನೇ ಗೈಡ್ ಆಗಬಹುದೇ?
– ಓದುಗರು, ದಾವಣಗೆರೆ

ಉತ್ತರ: ಕರೆದೊಯ್ಯಬಹುದು, ಎಲ್ಲೆಡೆ ವಿವರಿಸುವಂತಿಲ್ಲ. ಇಟಲಿಯಲ್ಲಿ ಪರವಾನಗಿಯಿಲ್ಲದೆ ಸ್ಮಾರಕದಲ್ಲಿ ಮಾರ್ಗದರ್ಶನ ಮಾಡಿದರೆ ದಂಡ ಬೀಳುತ್ತದೆ. ಅಲ್ಲಿ ಸ್ಥಳೀಯ ಗೈಡ್ ಮಾತನಾಡಲಿ. ನೀವು ಒಳಗೆ ಹೋಗುವ ಮುಂಚೆ ಬಸ್ಸಿನಲ್ಲೇ ಕನ್ನಡದಲ್ಲಿ 20 ನಿಮಿಷ ಹಿನ್ನೆಲೆ ಹೇಳಿ, ಹೊರಬಂದ ಮೇಲೆ ಪ್ರಶ್ನೆಗಳಿಗೆ ಉತ್ತರಿಸಿ. ಮೊಸರನ್ನ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ, ಅದಕ್ಕೂ ತಯಾರಾಗಿರಿ.