ಮಿಜೋ ಹಳ್ಳಿಯ ಚರ್ಚು ಮತ್ತು ಹಿಡಿ ಅಕ್ಕಿ

ಪ್ರಶ್ನೆ: ಮಿಜೋರಾಂನ ಹಳ್ಳಿಯೊಂದರಲ್ಲಿ ಉಳಿದಿದ್ದೆವು. ಮನೆಯಾಕೆ ಅಡುಗೆಗೆ ಅಳೆದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ‘ಚರ್ಚಿಗೆ’ ಎಂದರು. ಇದು ಹರಕೆಯೇ?
– ಓದುಗರು, ಹಾಸನ

ಉತ್ತರ: ಹರಕೆಯಲ್ಲ, ನಿತ್ಯದ ಕಾಣಿಕೆ. ಅಲ್ಲಿ ಇದನ್ನು ‘ಬುಹ್‌ಫಾಯ್ ಥಾಮ್’ ಎನ್ನುತ್ತಾರೆ. ಶುರುವಾದದ್ದು 1910ರಲ್ಲಿ. ಆಗ ಹಳ್ಳಿಯವರ ಕೈಯಲ್ಲಿ ಕಾಸು ಓಡಾಡುತ್ತಿರಲಿಲ್ಲ, ಗುಡ್ಡದ ಹೊಲದ ಭತ್ತವೇ ಆಸ್ತಿ. ಎರಡು ಹೊತ್ತಿನ ಅಡುಗೆಗೂ, ಅಳೆದ ಅಕ್ಕಿಯಿಂದ ಹಿಡಿಯಷ್ಟು ತೆಗೆದಿಡುತ್ತಾರೆ. ಅಳೆದಿಟ್ಟದ್ದರಿಂದಲೇ ತೆಗೆಯುವುದರಲ್ಲಿ ಇದರ ತಿರುಳಿದೆ, ಮನೆಯವರ ಊಟದಲ್ಲೇ ಅಷ್ಟು ಕಡಿಮೆಯಾಗುತ್ತದೆ. ತೊಳೆಯುವ ಮೊದಲೇ ತೆಗೆಯಬೇಕು, ತೇವ ತಾಗಿದ್ದು ಮುಗ್ಗುತ್ತದೆ.

ಹಿಡಿಗೆ 50 ಗ್ರಾಂ ಎಂದುಕೊಂಡರೂ ದಿನಕ್ಕೆ 100 ಗ್ರಾಂ, ತಿಂಗಳಿಗೆ 3 ಕಿಲೋ. ನೂರು ಮನೆಯ ಹಳ್ಳಿಯಲ್ಲಿ ಅದು 3 ಕ್ವಿಂಟಾಲ್! ಸಭೆಯ, ಅಂದರೆ ಊರ ಚರ್ಚಿಗೆ ಸೇರಿದವರ ಕೂಟದ, ಹೆಂಗಸರು ಮನೆಮನೆಯಿಂದ ಕೂಡಿಸುತ್ತಾರೆ. ಮಾರಿ ಬಂದ ಹಣ ಚರ್ಚಿನ ಲೆಕ್ಕಕ್ಕೆ ಸೇರಿ, ಸುವಾರ್ತೆ ಸಾರುವವರ ಖರ್ಚಿಗೆ ಹೋಗುತ್ತದೆ. ಹಲವು ಮನೆಗಳ ಅಕ್ಕಿ ಬೆರೆತಿರುವುದರಿಂದ ಒಂದೇ ಸಮ ಬೇಯದು, ಇಟ್ಟಷ್ಟೂ ಹುಳ ಬೀಳುತ್ತದೆ. ಬೇಗ ಮಾರುವುದೇ ಸರಿ.

ಚರಿತ್ರೆ ಬರೆಯುವವರು ಮಿಷನರಿಗಳಿಗೆ ಪುಟಗಟ್ಟಲೆ ಕೊಡುತ್ತಾರೆ. ಈ ಸಭೆಗಳನ್ನು ಪರದೇಶದ ಹಣದ ಹಂಗಿಲ್ಲದೆ ನಿಲ್ಲಿಸಿದವರಲ್ಲಿ ಅಡುಗೆಮನೆಯ ಹೆಂಗಸರು ಮೊದಲಿಗರು. ಅವರಿಗೂ ಅಷ್ಟೇ ಪುಟ ಸಲ್ಲಬೇಕು.

ಪ್ರಶ್ನೆ: ಆ ಕಡೆಯ ಒಂದು ಹಳ್ಳಿ ಚರ್ಚಿನ ಇತಿಹಾಸ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ಪಾದ್ರಿಯವರು ಊರಲ್ಲಿ ಇರುವುದೇ ಇಲ್ಲ.
– ಓದುಗರು, ಬೆಂಗಳೂರು

ಉತ್ತರ: ಪಾದ್ರಿಯವರನ್ನು ಕಾಯಬೇಡಿ. ಹಲವು ಹಳ್ಳಿಗಳಿಗೆ ಒಬ್ಬರೇ ಸಭಾಪಾಲಕರು, ಅವರಿಗೆ ವರ್ಗವೂ ಆಗುತ್ತದೆ. ಊರ ಸಭೆ ನಡೆಸುವವರು ಸದಸ್ಯರೇ ಆರಿಸಿದ, ಸಂಬಳವಿಲ್ಲದ ಹಿರಿಯರು. ಅಲ್ಲಿ ಹೆಚ್ಚಾಗಿರುವ ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಪದ್ಧತಿಗೆ ಬೆನ್ನೆಲುಬೇ ಇವರು. ಕಾರ್ಯದರ್ಶಿಯನ್ನು ಕಂಡು ಸಭಾ ನಡವಳಿ, ಸದಸ್ಯರ ಪಟ್ಟಿ, ದೀಕ್ಷಾಸ್ನಾನದ ದಾಖಲೆ, ಅಕ್ಕಿಯ ಲೆಕ್ಕ ಕೇಳಿ.

ಇಸವಿಗಳನ್ನು ತಾಳೆ ನೋಡಲು ಇವು ಸಾಕು: 1894ರಲ್ಲಿ ಇಂಗ್ಲೆಂಡಿನ ಮಿಷನರಿಗಳಾದ ಲೊರೈನ್, ಸ್ಯಾವಿಜ್ ಬಂದು ಮಿಜೋ ಭಾಷೆಗೆ ರೋಮನ್ ಲಿಪಿ ಹೊಂದಿಸಿದರು. 1897ರಲ್ಲಿ ವೇಲ್ಸ್ ಮಿಷನ್ನಿನ ಡಿ. ಇ. ಜೋನ್ಸ್ ಬಂದರು. ಮೊದಲ ಇಬ್ಬರಿಗೆ ದೀಕ್ಷಾಸ್ನಾನವಾದದ್ದು 1899ರಲ್ಲಿ. 1913ರಲ್ಲಿ ಛುವಾಹ್‌ಖಾಮಾ ಮೊದಲ ಮಿಜೋ ಸಭಾಪಾಲಕರಾದರು.

ಹೆಚ್ಚಿನವರು ಎಡವುವುದು ಒಂದೇ ಕಡೆ. ಪ್ರತ್ಯೇಕ ದೇಶ ಕೇಳಿದ ಮಿಜೋ ಬಂಡಾಯದ ಕಾಲದಲ್ಲಿ, 1967ರಿಂದ, ಸೇನೆ ಹಳ್ಳಿಗಳನ್ನು ಖಾಲಿ ಮಾಡಿಸಿ ರಸ್ತೆ ಬದಿಯಲ್ಲಿ ಒಟ್ಟುಗೂಡಿಸಿತು. ಹಾಗಾಗಿ ಇಂದಿನ ಒಂದು ಚರ್ಚಿನೊಳಗೆ ಮೂರ್ನಾಲ್ಕು ಹಳೆಯ ಸಭೆಗಳು ಸೇರಿರಬಹುದು, ಫಲಕದ ಇಸವಿ ಹೊಸ ಜಾಗದ್ದಿರಬಹುದು. ಅಜ್ಜಿಯರನ್ನು ‘ಚರ್ಚು ಯಾವಾಗ ಶುರುವಾಯಿತು’ ಎನ್ನುವ ಬದಲು ‘ಮೊದಲು ಯಾವ ಊರಲ್ಲಿದ್ದಿರಿ’ ಎಂದು ಕೇಳಿ.

ಪ್ರಶ್ನೆ: ನಮ್ಮ ಹಳ್ಳಿಗಳಲ್ಲೇಕೆ ಪ್ರೆಸ್ಬಿಟೇರಿಯನ್ ಹೆಸರು ಕಾಣುವುದಿಲ್ಲ?
– ಓದುಗರು, ಬಳ್ಳಾರಿ

ಉತ್ತರ: ಹಳೇ ಮೈಸೂರಿನಲ್ಲಿ ವೆಸ್ಲಿಯನ್, ಕರಾವಳಿ ಮತ್ತು ಧಾರವಾಡದ ಕಡೆ ಬಾಸೆಲ್, ನಿಮ್ಮಲ್ಲಿ ಲಂಡನ್ ಮಿಷನ್ ಇದ್ದವು. 1947ರಿಂದ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಇಂಥ ಹಲವು ಸಭೆಗಳನ್ನು ಒಂದುಗೂಡಿಸಿತು. ಪ್ರೆಸ್ಬಿಟೇರಿಯನ್ನರಾದ ಸ್ಕಾಟರು ಕಟ್ಟಿದ ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಕೂಡ ಈಗ ಸಿಎಸ್‌ಐಗೆ ಸೇರಿದೆ. ಉತ್ತರದಲ್ಲಿ 1970ರಲ್ಲಿ ಅಂಥದೇ ಐಕ್ಯವಾದಾಗ ಮಿಜೋ ಮತ್ತು ಮೇಘಾಲಯದ ಖಾಸಿ ಪ್ರೆಸ್ಬಿಟೇರಿಯನ್ನರು ಹೊರಗುಳಿದರು, ಹಾಗಾಗಿ ಆ ಹೆಸರು ಅಲ್ಲಿ ಉಳಿಯಿತು.